ಡ್ರಿಲ್ಲಿಗೆ ದಕ್ಕದ ಗೋಡೆ

“ಎಸಿ ಹಾಕ್ಸು, ಬರ್ತೀನಿ. ಇಲ್ಲಂದ್ರ ಇಲ್ಲೇ ಅತ್ತಿ ಮನ್ಯಾಗ ಹಡೀತೀನಿ,” ಎಂದು ಪ್ರಮಿತಾ ಕಲಬುರಗಿಯಿಂದ ಫೋನಿನಲ್ಲಿ ಹೇಳಿಬಿಟ್ಟಳು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರದಿದ್ದರೆ ಮಳಖೇಡದಲ್ಲಿ ಯಾರಿಗೆ ಮುಖ ತೋರಿಸುವುದು? ತಾಯಿ ಜಾನಕೀಬಾಯಿ ಎಸಿ ತರಿಸಿದಳು.

ಹಳೆಯ ಮನೆಯ ಬಗ್ಗೆ ಅವಳಿಗೆ ಹೆಮ್ಮೆಯೇನೂ ಇರಲಿಲ್ಲ. ಮಾಳಿಗೆಯ ಚಾವಣಿಯಿಂದ ಮಣ್ಣು ಉದುರುತ್ತದೆ, ಮಳೆಗಾಲದಲ್ಲಿ ಸೋರುತ್ತದೆ. ಹಿತ್ತಲ ಕಡೆ ಮಹಡಿಯಲ್ಲಿ ಹೊಸ ಸ್ಲ್ಯಾಬಿನ ಕೋಣೆಯಿತ್ತು, ಆದರೆ ಬಸುರಿ ಮೆಟ್ಟಿಲು ಹತ್ತಬಾರದು. ಹಾಗಾಗಿ ಎಸಿಗೆ ಕೆಳಗಿನ ನಡುಮನೆಯೇ ಗೊತ್ತಾಯಿತು.

ಶಹಾಬಾದಿನಿಂದ ಬಂದ ಮೆಕ್ಯಾನಿಕ್ ಬಂದೇಅಲಿ ಪೈಪಿಗಾಗಿ ಗೋಡೆ ಕೊರೆಯತೊಡಗಿದ. ಜಾನಕೀಬಾಯಿಯ ಗಂಡ ಪ್ರಾಣೇಶ ಹೊರಗೆ ಓಣಿಯಲ್ಲಿ ಗೋಡೆಗೆ ಕಣ್ಣು ನೆಟ್ಟು ನಿಂತ.

“ಬಂತೇನ್ರಿ ಸರ?”

“ಇನ್ನಾ ಇಲ್ಲಪ್ಪ!”

ಡ್ರಿಲ್ ಹಿಡಿಯವರೆಗೂ ಒಳಹೋಯಿತು. ಆಚೆ ಬರಲಿಲ್ಲ.

“ಇದು ಗೋಡಿ ಅಲ್ಲರಿ ಬಾಯಿ, ಕಿಲ್ಲಾ ಅದ!” ಎಂದ ಬಂದೇಅಲಿ. ಡ್ರಿಲ್ಲಿಗೆ ಹಾಕುವ ಉದ್ದನೆಯ ಬಿಟ್ ನಾಳೆ ಬರುತ್ತದೆಂದು ಅಂಗಡಿಯವರು ಫೋನಿನಲ್ಲಿ ಹೇಳಿದರು. “ಬಸ್ಸಿನ ತನಕ ಐದ್ ಮಿನಿಟ್ ಅಡ್ಡಾಗ್ತೀನ್ರಿ” ಎಂದು ಬರಿಯ ಫರಸಿಕಲ್ಲಿನ ನೆಲದ ಮೇಲೆ ಮಲಗಿದವನು, ಸ್ವಲ್ಪ ಹೊತ್ತಿಗೆ ಕುತ್ತಿಗೆಯವರೆಗೆ ಟವಲ್ ಎಳೆದುಕೊಂಡು ಗೊರಕೆ ಹೊಡೆಯತೊಡಗಿದ.

ಅಷ್ಟರಲ್ಲಿ ಪ್ರಮಿತಾಳ ವಿಡಿಯೋ ಕಾಲ್.

“ಅಯ್ಯ, ಹೊದ್ಕೊಂಡು ಮಲ್ಗ್ಯಾನ! ಅಷ್ಟು ಥಂಡಿ ಆಗ್ಯದೇನು?”

ಜಾನಕೀಬಾಯಿ ಮೂಲೆಯ ಎಸಿ ಪೆಟ್ಟಿಗೆ ಕಾಣದಂತೆ ಫೋನನ್ನು ಮೆಲ್ಲಗೆ ತಿರುಗಿಸಿದಳು. “ಥಂಡಿ ಅಂತೂ ಭಾಳ ಅದ. ಬಾ.”

ಮರುದಿನ ಬಿಟ್ ಬರುವ ಮೊದಲೇ ಪ್ರಮಿತಾ ಬಂದಳು. ಮೇ ತಿಂಗಳ ಬಿಸಿಲಿಗೆ ಮುಖ ಕೆಂಪಾಗಿತ್ತು. ಉಂಡವಳೇ ನಡುಮನೆಯಲ್ಲಿ ಉರುಳಿದಳು.

“ಎದ್ದಮ್ಯಾಲ ಏನ್ ಹೇಳ್ತಿ?” ಪ್ರಾಣೇಶ ಪಿಸುಗುಟ್ಟಿದ.

“ಮೊದ್ಲ ಮಲ್ಗಲಿ, ಸುಮ್ನಿರ್ರಿ.”

ಪ್ರಮಿತಾ ಎದ್ದಾಗ ಹೊತ್ತು ಇಳಿದಿತ್ತು. “ಅಮ್ಮಾ, ಚೂರೂ ಸಪ್ಪಳಿಲ್ಲ. ಯಾವ ಕಂಪನೀದು?”

ಜಾನಕೀಬಾಯಿ ಪೆಟ್ಟಿಗೆ ತೋರಿಸಿದಳು. ಸುತ್ತಿದ ಪಟ್ಟಿ ಕೂಡ ಬಿಚ್ಚಿರಲಿಲ್ಲ. ಮೇಲೆ ನೀರಿನ ತಂಬಿಗೆ ಇತ್ತು.

ಪ್ರಮಿತಾ ಪೆಟ್ಟಿಗೆ ನೋಡಿದಳು, ದಪ್ಪ ಗೋಡೆ ನೋಡಿದಳು, ಸೆಕೆಯನ್ನು ಮೇಲಕ್ಕೆ ಬಿಡುತ್ತಿದ್ದ ಮಾಳಿಗೆಯ ಬೆಳಕಿಂಡಿ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಎಂಥಾ ಕಳ್ಳಿ ಇದ್ದಿ ಅಮ್ಮಾ!”

“ಥಂಡಿ ಅದ ಅಂದೆ. ಎಸಿ ಅದ ಅಂದೆನೇನು?”

“ಆಯ್ತು ಬಿಡು, ನಾ ಇಲ್ಲೇ ಇರ್ತೀನಿ. ಅದನ್ನ ಮ್ಯಾಲ ಹಾಕ್ಸು. ನಿನ್ನ ಅಳಿಯಗ ಆಗ್ತದ.”

ಮಹಡಿಯ ಗೋಡೆಯನ್ನು ಬಂದೇಅಲಿ ಚಹಾ ಆರುವುದರೊಳಗೆ ಕೊರೆದು ಮುಗಿಸಿದ. ರವಿವಾರ ಅಳಿಯ ಆನಂದತೀರ್ಥ ಬಂದ. ಮಧ್ಯಾಹ್ನ ಕರೆಂಟ್ ಹೋಯಿತು. ಸ್ಲ್ಯಾಬ್ ಕಾದ ಹಂಚಾಯಿತು. ಬೆವರಿನಲ್ಲಿ ತೊಯ್ದ ಅಳಿಯ ತಲೆದಿಂಬು ಕಂಕುಳಲ್ಲಿಟ್ಟುಕೊಂಡು ನಡುಮನೆಯ ಬಾಗಿಲಲ್ಲಿ ನಿಂತ.

ಪ್ರಮಿತಾ ಗೋಡೆಯ ಕಡೆ ಸರಿದಳು. “ಬರ್ರಿ, ಬಂದೇಅಲಿ ಮಲ್ಗಿದ್ದ ಜಾಗಾ ಖಾಲಿ ಅದ.”