ಗಿಳಿಹಸಿರು ಕೊಳ

ಹಿತ್ತಲಿನ ಕೊಳ ಹಸಿರಾದಾಗ ಅವಳ ಮಾವ ತಪ್ಪು ಹೊರಿಸಿದ್ದು ಸ್ವಂತ ಮಗನ ಮೇಲೆ, ಅವಳ ಗಂಡನ ಮೇಲೆ.

"ಬ್ರಷ್ ತೊಳೆದಿದಾನೆ ಇದರಲ್ಲಿ. ಗಿಳಿಹಸಿರು ಇದು. ನನಗೆ ಗೊತ್ತಾಗಲ್ವಾ?"

ಜೀವಮಾನವಿಡೀ ಅಂಗಡಿಗಳ ಬೋರ್ಡು ಬರೆದ ಕಣ್ಣು ಅದು. ಬಣ್ಣದ ವಿಷಯದಲ್ಲಿ ಅವರು ಹೇಳಿದ ಮೇಲೆ ಮುಗಿಯಿತು. ಅದೇ ಕಸುಬು ಹಿಡಿದಿದ್ದ ಮಗ ಆಗ ತರಕಾರಿ ಅಂಗಡಿಯೊಂದಕ್ಕೆ ಗಿಳಿಹಸಿರಿನಲ್ಲೇ ಬೋರ್ಡು ಬರೆಯುತ್ತಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಆ ಪುಣ್ಯಾತ್ಮ ಅಪ್ಪನೆದುರೇ ತನ್ನ ಉಗುರು ನೋಡಿಕೊಂಡ. ಉಗುರಿನಂಚೆಲ್ಲ ಹಸಿರು.

"ಅಪ್ಪ, ಅದು ಪಾಚಿ."

"ಪಾಚಿ ಅಂತೆ! ತೊಳೆಯೋಕೆ ಬಕೆಟ್ ಇಲ್ವೇನೋ ನಿನಗೆ?"

ಮಗ ಹಟಕ್ಕೆ ಬಿದ್ದು ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ನೀರನ್ನೆಲ್ಲ ತೋಡಿ ಹಾಕಿ, ಹೊಸ ನೀರು ತುಂಬಿಸಿದ. ಸ್ವಲ್ಪ ದಿನ ಕೊಳ ಕನ್ನಡಿಯಾಗಿತ್ತು. ಆಮೇಲೆ ಮೊದಲಿಗಿಂತ ಗಾಢವಾಗಿ ಹಸಿರೇರಿತು. "ಮತ್ತೆ ತೊಳೆದ ನೋಡು," ಅಂದರು ಮಾವ. ಅಪ್ಪ ಮಗನ ಮಾತು ನಿಂತಿತು. ಮಗನದು ಉಳಿದದ್ದು ಒಂದೇ ಮಾತು, ಅದೂ ಹೆಂಡತಿಯ ಹತ್ತಿರ: "ಹೀಗೇ ಇದ್ರೆ ಮಣ್ಣು ತರಿಸಿ ಮುಚ್ಚಿಸಿಬಿಡ್ತೀನಿ ಕಣೇ. ಕೊಳವೂ ಬೇಡ, ಕಳ್ಳ ಅನ್ನಿಸಿಕೊಳ್ಳೋದೂ ಬೇಡ."

ಅವಳು ಮನೆಯಲ್ಲೇ ಪರದೆ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ಇದ್ದದ್ದು ಕೊಳದ ಕಡೆಯ ಕಿಟಕಿಯ ಪಕ್ಕ. ಮಧ್ಯಾಹ್ನದ ಬಿಸಿಲು ನೀರಿಗೆ ಬಿದ್ದು, ಅಲ್ಲಿಂದೆದ್ದು ಕಿಟಕಿಯೊಳಗೆ ಬಂದು, ಚಾವಣಿಯ ಮೇಲೆ ಬೆಳಕಿನ ಅಲೆಗಳಾಗಿ ಆಡುತ್ತಿತ್ತು. ಯಂತ್ರದ ಟಕಟಕ ಕೇಳುತ್ತ ಕೇಳುತ್ತ ಅವಳ ರೆಪ್ಪೆ ಭಾರವಾಗುತ್ತಿತ್ತು. ಮನೆಯೇ ಮೆಲ್ಲಗೆ ನೀರಿನಡಿಗೆ ಇಳಿದಿದೆ, ತಾನೂ ಪರದೆಗಳೂ ಅಲ್ಲಿ ತೇಲುತ್ತಿದ್ದೇವೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸುವುದು ಅವಳಿಗೆ ಇಷ್ಟವೂ ಆಗಿತ್ತು.

ಅಂಥ ಅರೆನಿದ್ದೆಯಲ್ಲೇ ಅವಳು ನೋಡಿದ್ದು. ಮಾವ ಡಬ್ಬಿ ಹಿಡಿದು ಬಂದರು, ಕಲ್ಲಿನ ಮೇಲೆ ಕೂತರು, ಮೀನುಗಳಿಗೆ ಒಂದು ಹಿಡಿ ಕಾಳು ಚೆಲ್ಲಿದರು. "ಹಸಿವಾಗಿತ್ತಾ ಮರಿ, ತಿನ್ನು ತಿನ್ನು," ಅಂದರು. ಡಬ್ಬಿ ಒಳಗಿಟ್ಟರು. ಅವಳು ಪರದೆಯ ಒಂದು ಅಂಚು ಹೊಲಿದು ತಲೆಯೆತ್ತುವಷ್ಟರಲ್ಲಿ ಮತ್ತೆ ಡಬ್ಬಿ, ಮತ್ತೆ ಕಲ್ಲು, ಮತ್ತೆ "ಹಸಿವಾಗಿತ್ತಾ ಮರಿ." ಕನಸಿರಬೇಕು ಎಂದು ಕಣ್ಣುಜ್ಜಿಕೊಂಡಳು. ಸಂಜೆಯೊಳಗೆ ಅದೆಷ್ಟು ಸಲ ಬಂದರೋ! ಬಂದಾಗಲೆಲ್ಲ ಮುಖದಲ್ಲಿ ಅದೇ ಹೊಚ್ಚಹೊಸ ಸಂತೋಷ. ಮಾವನಿಗೆ ಮರೆವು ಹತ್ತಿದೆ ಎಂಬುದು ಅವಳಿಗೆ ಆಗ ತಿಳಿಯಿತು.

ಗಂಡನಿಗೆ ಹೇಳಿದರೆ ಡಬ್ಬಿಗೆ ಬೀಗ ಬೀಳುತ್ತದೆ. ಕೈ ನಡುಗಿ ಬ್ರಷ್ ಕೆಳಗಿಟ್ಟ ಮೇಲೆ ಆ ಜೀವಕ್ಕೆ ಉಳಿದಿದ್ದ ಕೆಲಸ ಅದೊಂದೇ. ಹೇಳದಿದ್ದರೆ ಕೊಳಕ್ಕೆ ಮಣ್ಣು ಬೀಳುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅವಳು ನರ್ಸರಿಗೆ ಹೋದಳು.

"ಮೀನು ತಿನ್ನದೆ ಬಿಟ್ಟಿದ್ದೆಲ್ಲ ಕೊಳೆತು ಪಾಚಿಗೆ ಗೊಬ್ಬರ ಆಗುತ್ತೆ. ಊಟ ಕಡಿಮೆ ಮಾಡಿ, ಸಾಕು," ಅಂದಳು ನರ್ಸರಿಯಾಕೆ.

"ಅದೊಂದು ಆಗಲ್ಲ. ಹಾಕೋರು ನಮ್ಮ ಮಾವ. ಹಾಕಿದ್ದು ಅವರಿಗೆ ನೆನಪಿರಲ್ಲ."

ನರ್ಸರಿಯಾಕೆ ಅವಳ ಮುಖ ನೋಡಿದಳು. "ಹಾಗಾದ್ರೆ ತಿನ್ನೋರನ್ನೇ ಜಾಸ್ತಿ ಮಾಡಿ. ಪಾಚಿಗಿಂತ ಮೊದಲು ಗಿಡಗಳು ಊಟಕ್ಕೆ ಕೂತ್ರೆ ಪಾಚಿಗೆ ಉಪವಾಸ."

ಅವಳು ನೈದಿಲೆಯ ಗೆಡ್ಡೆ ತಂದು ಕುಂಡ ಸಮೇತ ತಳಕ್ಕಿಳಿಸಿದಳು. ನೀರೊಳಗೇ ಬೆಳೆಯುವ, ನರಿಬಾಲದಂಥ ಗಿಡವನ್ನು ಕಲ್ಲು ಕಟ್ಟಿ ಮುಳುಗಿಸಿದಳು. ಮೇಲೆ ಅಂತರಗಂಗೆ ತೇಲಿಬಿಟ್ಟಳು. "ಒಂದು ತಿಂಗಳು ತಡೀರಿ," ಅಂತ ಗಂಡನ ಬಾಯಿಗೆ ಬೀಗ ಹಾಕಿದಳು.

ಆಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ, ಕಾಯುವುದೊಂದು ಬಿಟ್ಟು. ಮಾವ ಮರೆಯುತ್ತಿದ್ದರು, ಗಿಡಗಳು ಬೆಳೆಯುತ್ತಿದ್ದವು. ಅವರು ಚೆಲ್ಲಿದ ಒಂದೊಂದು ಹಿಡಿಯೂ ಬೇರಿನ ದಾರಿ ಹಿಡಿದು ಎಲೆಯಾಗುತ್ತಿತ್ತು. ಅಂತರಗಂಗೆ ಮಿತಿಮೀರಿದಾಗ ಅವಳು ಬುಟ್ಟಿಗಟ್ಟಲೆ ಎತ್ತಿ ಬೇಲಿಯ ಬುಡಕ್ಕೆ ಹಾಕುತ್ತಿದ್ದಳು. ನೈದಿಲೆ ಎಲೆಗಳು ಅರ್ಧ ಕೊಳಕ್ಕೆ ನೆರಳು ಕೊಟ್ಟವು. ಒಂದು ಮಧ್ಯಾಹ್ನ ಹೊಲಿಯುತ್ತಲೇ ನೋಡಿದರೆ, ಎಲೆಗಳ ಸಂದಿಯಲ್ಲಿ ಮೀನಿನ ಕೆಂಪು ಬೆನ್ನು ಕಂಡಿತು. ಇನ್ನೊಂದು ದಿನ ತಳದ ಕಲ್ಲುಗಳು ಕಂಡವು. ನೀರು ನಿದ್ದೆಯಿಂದ ಕಣ್ಣು ಬಿಟ್ಟ ಹಾಗಿತ್ತು.

ರಜೆಯ ದಿನ ಅಳತೆಪಟ್ಟಿ ಹುಡುಕುತ್ತ ಗಂಡ ಕಿಟಕಿಯ ಹತ್ತಿರ ಬಂದ. ಹೊರಗೆ ಅಪ್ಪ ಕಾಳು ಚೆಲ್ಲಿ ಒಳಗೆ ಹೋದರು. ಅಳತೆಪಟ್ಟಿ ಸಿಗುವ ಮೊದಲೇ ಮತ್ತೆ ಬಂದು ಚೆಲ್ಲಿದರು. ಅವನ ಕೈ ಹುಡುಕುವುದನ್ನು ಬಿಟ್ಟಿತು. ಮೂರನೆಯ ಸಲ ಅಪ್ಪ "ಹಸಿವಾಗಿತ್ತಾ ಮರಿ" ಅಂದಾಗ ಅವನು ಹೆಂಡತಿಯ ಕಡೆ ತಿರುಗಿದ.

"ಎಷ್ಟು ದಿನದಿಂದ?"

"ನೀರು ಹಸಿರಾದಾಗಿಂದ. ಡಬ್ಬಿ ಕಿತ್ಕೋಬೇಡಿ ರೀ, ನಿಮ್ಮ ದಮ್ಮಯ್ಯ."

ಅವನು ನೇರ ಹಿತ್ತಲಿಗೆ ನಡೆದ. ಇವಳು ಹೊಲಿಗೆ ಬಿಟ್ಟು ಎದ್ದು ನಿಂತಳು. ಗಂಡನ ಕೋಪ ಎಂಥದೆಂದು ಅವಳಿಗೆ ಗೊತ್ತಿತ್ತು. ಆದರೆ ಅವನು ಹೋಗಿ ಅಪ್ಪನ ಕಾಲ ಬಳಿ ಕುಕ್ಕರಗಾಲಿನಲ್ಲಿ ಕೂತ.

"ಅಪ್ಪ, ಬ್ರಷ್ ತೊಳೆದಿದ್ದು ನಾನೇ. ತಪ್ಪಾಯ್ತು."

ಮಾವ ಅವನ ತಲೆಗೂದಲಿನಲ್ಲಿ ಕೈಯಾಡಿಸಿದರು.

"ನೋಡು, ತೊಳೆಯೋದು ಬಿಟ್ಟೆ, ನೀರು ಹೇಗಾಯ್ತು," ಅಂದರು. "ಇರಲಿ, ಕೈ ಕೊಡು. ಬೆಳಗಿನಿಂದ ಈ ಮೀನುಗಳಿಗೆ ಯಾರೂ ಏನೂ ಹಾಕಿಲ್ಲ, ಪಾಪ."

ಮಗ ಎರಡೂ ಅಂಗೈ ಒಡ್ಡಿದ. ಅಪ್ಪ ಅದರ ತುಂಬ ಕಾಳು ಸುರಿದರು.