ಅಪ್ಪನ ಮಂಚದ ಕಿವಿ

ದಿಂಬಿನ ಕೆಳಗಿದ್ದ ಫೋನು ಟಿಣ್ ಎಂದಿತು. ಚಮಚ ಲೋಟಕ್ಕೆ ತಾಗಿದಷ್ಟೇ ಸದ್ದು. ಆದರೆ ಆ ಸದ್ದಿಗಾಗಿಯೇ ವರ್ಷಗಟ್ಟಲೆ ದುಡಿದವಳಿಗೆ ನಿದ್ದೆಯಲ್ಲೂ ಅದರ ಗುರುತು ಸಿಗುತ್ತಿತ್ತು. ಅವಳು ಕಣ್ಣು ತೆರೆಯದೆಯೇ ಗೊಣಗಿದಳು.

"ಅಪ್ಪಾ, ಇವತ್ತೊಂದು ರಾತ್ರಿ ಸುಮ್ನೆ ಮಲಗಬಾರದಾ?"

ಸದ್ದು ಕಳಿಸಿದ್ದು ಅಪ್ಪನ ಮಂಚದ ಪಕ್ಕದಲ್ಲಿದ್ದ ಕಿವಿ. ಸಾಬೂನಿನ ಡಬ್ಬಿಯಷ್ಟಿದ್ದ ಆ ಯಂತ್ರಕ್ಕೆ ಅವಳ ಸಂಶೋಧನಾ ತಂಡ ಇಟ್ಟಿದ್ದ ಹೆಸರೇ ಕಿವಿ. ಮಾದಕ ವಸ್ತುವನ್ನೋ ನೋವಿನ ಮಾತ್ರೆಯನ್ನೋ ಮಿತಿಮೀರಿ ತೆಗೆದುಕೊಂಡವರ ಉಸಿರು ನಿಲ್ಲುವ ಮೊದಲು ನಿಧಾನವಾಗುತ್ತದೆ. ಗಂಟಲಲ್ಲಿ ನೀರು ಗುಳುಗುಳಿಸಿದಂತಾಗುತ್ತದೆ, ನಡುನಡುವೆ ತಡೆಯುತ್ತದೆ. ಪಕ್ಕದ ಕೋಣೆಯವರು ಗೊರಕೆ ಎಂದುಕೊಂಡು ಮಗ್ಗುಲು ಬದಲಿಸುತ್ತಾರೆ. ಆ ಉಸಿರನ್ನು ಗುರುತು ಹಿಡಿದು ಯಾರನ್ನಾದರೂ ಎಬ್ಬಿಸುವುದೇ ಕಿವಿಯ ಕೆಲಸ. ಆಸ್ಪತ್ರೆಯ ವಾರ್ಡಿನಲ್ಲಿ ಅದು ಚೆನ್ನಾಗಿಯೇ ಕೇಳಿಸಿಕೊಂಡಿತ್ತು. ಮನೆಗಳಲ್ಲಿ ಮಾತ್ರ ಬರೀ ಗೊರಕೆಗೂ ಬೆಚ್ಚಿಬಿದ್ದು ಕೂಗುತ್ತಿತ್ತು. ವ್ಯತ್ಯಾಸ ಕಲಿಸಲೆಂದು ತಂಡದವರೆಲ್ಲ ತಮ್ಮ ಮನೆಯ ಗೊರಕೆವೀರರ ಬಳಿ ಒಂದೊಂದನ್ನು ಇಟ್ಟಿದ್ದರು. ಅವಳ ಅಪ್ಪ ಎಲ್ಲರನ್ನೂ ಮೀರಿಸಿದ್ದ. ಅವನ ಗೊರಕೆ ಏರಿ ಏರಿ ತುದಿಯಲ್ಲಿ ಗಕ್ಕನೆ ನಿಂತು, ಕೇಳುವವರ ಜೀವ ಬಾಯಿಗೆ ಬಂದ ಮೇಲೆ ಮತ್ತೆ ಸಿಡಿಯುತ್ತಿತ್ತು. ಪ್ರತಿ ಸಲವೂ ಕಿವಿ ಮೋಸಹೋಗುತ್ತಿತ್ತು.

ಬೆಳಗಾದರೆ ತೀರ್ಮಾನ. ಇನ್ನೊಂದು ಸುಳ್ಳು ಕೂಗು ಬಂದರೆ, ಕೂಗುವ ಮೊದಲು ಕಿವಿ ಇನ್ನಷ್ಟು ಹೊತ್ತು ಕಾಯುವಂತೆ ಮಾಡೋಣ ಎಂದು ತಂಡದ ಮುಖ್ಯಸ್ಥೆ ಮೇಡಂ ಹೇಳಿಬಿಟ್ಟಿದ್ದರು. ಹಾಗೆ ಮಾಡಿದರೆ ಅದು ಅಪ್ಪನಿಗೆ ಹೆದರುವುದಿಲ್ಲ, ನಿಜ. ಆದರೆ ಯಾರದೋ ಮನೆಯಲ್ಲಿ ನಿಜವಾಗಿ ನಿಂತ ಉಸಿರಿಗೂ ತಡವಾಗಿ ಎಚ್ಚರಗೊಳ್ಳುತ್ತದೆ. ಆ ತಡದಲ್ಲಿ ಏನೇನು ಆಗಬಹುದೆಂದು ಎಣಿಸುತ್ತಾ ಅವಳು ಎಷ್ಟೋ ದಿನಗಳಿಂದ ಸರಿಯಾಗಿ ಉಂಡಿರಲಿಲ್ಲ.

ಫೋನು ಮತ್ತೆ ಟಿಣ್ ಎಂದಿತು. ಪಕ್ಕದ ಹಾಸಿಗೆ ಖಾಲಿ ಇತ್ತು. ನರ್ಸ್ ಆಗಿದ್ದ ಅಕ್ಕ ಇನ್ನೂ ವಾರ್ಡಿನಲ್ಲೇ ಉಳಿದಿರಬೇಕು ಎಂದುಕೊಂಡು, ಸದ್ದು ನಿಲ್ಲಿಸಲು ಬೆರಳು ಚಾಚಿದಳು.

"ಏನೇ ಅದು ಟಿಣ್ ಟಿಣ್ ಅಂತ? ಆಫ್ ಮಾಡೇ ಮಾರಾಯ್ತಿ!"

ಅಪ್ಪನ ದನಿ. ಬಂದದ್ದು ಹಾಲ್‌ನಿಂದ.

ಅವಳ ಬೆರಳು ಅಲ್ಲೇ ನಿಂತಿತು. "ನೀನ್ಯಾಕಪ್ಪ ಅಲ್ಲಿದ್ದೀಯ?"

"ನಿಮ್ಮಕ್ಕ ಬೆನ್ನು ನೋವು ಅಂದ್ಳು. ನನ್ನ ಮಂಚ ಗಟ್ಟಿ ಇದೆಯಲ್ಲ, ಬಿಟ್ಕೊಟ್ಟೆ."

ಅವಳು ಓಡಿದಳು. ಬಾಗಿಲ ಬಳಿಯ ಕುರ್ಚಿಗೆ ಕಾಲು ತಾಗಿದ್ದೂ ತಿಳಿಯಲಿಲ್ಲ. ದೀಪ ಹಾಕಿದಾಗ ಅಕ್ಕ ಅಂಗಾತ ಮಲಗಿದ್ದಳು. ಕೆಲಸದ ಬಟ್ಟೆಯನ್ನೂ ಬದಲಿಸಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಗಂಟಲಿನಿಂದ ಒಂದು ಗುಳುಗುಳು ಸದ್ದು ಹೊರಟಿತು, ಆಮೇಲೆ ಏನೂ ಇಲ್ಲ. ಆ ಸದ್ದನ್ನು ಅವಳು ಹೆಡ್‌ಫೋನಿನಲ್ಲಿ ಅದೆಷ್ಟು ಸಲ ಕೇಳಿದ್ದಳೋ. ಮುಖವಿಟ್ಟುಕೊಂಡು ಅದು ಎದುರಿಗೆ ಬಂದದ್ದು ಇದೇ ಮೊದಲು.

"ಅಕ್ಕಾ! ಅಕ್ಕಾ, ಏಳೇ!"

ಎದೆಯ ಮೂಳೆಯನ್ನು ಮುಷ್ಟಿಯಿಂದ ಉಜ್ಜಿದಳು. ಅಲುಗಲಿಲ್ಲ. ತನ್ನ ಕೆಲಸದ ಬ್ಯಾಗಿನಲ್ಲಿ ಮೂಗಿಗೆ ಹಾಕುವ ಸ್ಪ್ರೇ ಇತ್ತು, ಅಮಲಿಳಿಸಿ ಉಸಿರನ್ನು ಮರಳಿಸುವ ಔಷಧ. ಊರಿಗೆಲ್ಲ ಅದನ್ನು ಬಳಸಲು ಕಲಿಸುತ್ತಿದ್ದವಳು ಈಗ ಅದರ ಪೊಟ್ಟಣವನ್ನು ಹಲ್ಲಿನಿಂದ ಹರಿದಳು. ತಲೆ ಹಿಂದಕ್ಕೆ ಬಾಗಿಸಿ, ಮೂಗಿಗೆ ಒತ್ತಿ, ಬಾಯಿಗೆ ಬಾಯಿಟ್ಟು ಉಸಿರು ಊದಿದಳು. ಮತ್ತೆ ಊದಿದಳು. ಅಕ್ಕನ ಎದೆ ಏರಿತು, ಇಳಿಯಿತು. ಆದರೆ ಅದು ತನ್ನ ಉಸಿರು, ಅಕ್ಕನದಲ್ಲ. ಮತ್ತೆ.

ಆಮೇಲೆ ಅಕ್ಕ ನೀರಿನಿಂದ ಮೇಲೆದ್ದವಳಂತೆ ಒಮ್ಮೆಲೇ ಉಸಿರೆಳೆದುಕೊಂಡಳು.

ಆ ಕ್ಷಣ ತಂಗಿಯ ತಲೆಯಲ್ಲಿ ಮಿಂಚಿದ್ದು ದೇವರೂ ಅಲ್ಲ, ಅಮ್ಮನ ನೆನಪೂ ಅಲ್ಲ. ಕೇಳಿಸಿತು! ಕಿವಿಗೆ ಕೇಳಿಸಿತು! ಅಪ್ಪನ ಮಂಚದಲ್ಲಿ, ಅಪ್ಪನ ಗೊರಕೆಗೆ ಒಗ್ಗಿಹೋಗಿದ್ದ ಕೋಣೆಯಲ್ಲಿ, ಅದು ನಿಜವಾಗಿ ನಿಲ್ಲುತ್ತಿದ್ದ ಉಸಿರನ್ನು ಹಿಡಿದಿತ್ತು. ಸುಳ್ಳೆಂದವಳು ತಾನು. ಅವಳಿಗೆ ನಗು ಉಕ್ಕಿತು, ಅಳುವೂ ಅದರ ಜೊತೆಗೇ ನುಗ್ಗಿತು.

"ಯಾಕೇ ಹಲ್ಲು ಕಿರೀತಿದ್ದೀಯ?" ಅಕ್ಕ ಬಕೆಟ್ಟಿಗೆ ವಾಂತಿ ಮಾಡಿ ಬಾಯೊರೆಸಿಕೊಂಡಳು. "ನಾನೇನು ನಿನ್ನ ಪ್ರಯೋಗದ ಇಲಿನಾ?"

"ಎಷ್ಟು ತಗೊಂಡೆ?"

"ನೋವಿತ್ತು. ಸ್ವಲ್ಪ ಜಾಸ್ತಿ ಆಯ್ತು."

"ಎಷ್ಟು ದಿನದಿಂದ ಸ್ವಲ್ಪ ಜಾಸ್ತಿ ಆಗ್ತಿದೆ?"

ಅಕ್ಕ ಬಕೆಟ್ಟನ್ನು ಮಂಚದ ಕೆಳಗೆ ತಳ್ಳಿದಳು. ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ ಕಾಣಿಸಿಕೊಂಡ. "ಏನ್ರೇ ಅದು ಗಲಾಟೆ?"

"ನಿನ್ನ ಮಂಚದಲ್ಲಿ ಮಲಗಿದ್ನಲ್ಲ, ನಿನ್ನ ಗೊರಕೆ ನಂಗೆ ಅಂಟ್ಕೊಂಡಿದೆ. ಹೋಗಿ ಮಲ್ಕೋ ಅಪ್ಪ," ಎಂದಳು ಅಕ್ಕ. ಅಪ್ಪ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡು ಹೊರಟುಹೋದ.

"ಆಸ್ಪತ್ರೆಗೆ ಹೋಗೋಣ, ನಡಿ."

"ಯಾವ ಆಸ್ಪತ್ರೆಗೆ? ನಂದಕ್ಕಾ?" ಅಕ್ಕನ ದನಿ ಕುಸಿಯಿತು. "ಔಷಧದ ಬೀರು ಬೀಗದ ಕೈ ನನ್ನ ಸೊಂಟದಲ್ಲಿರುತ್ತೆ ಕಣೇ. ಅಲ್ಲಿಂದ ಒಂದು ಮಾತ್ರೆ ಮುಟ್ಟಿಲ್ಲ, ಆಣೆ. ಆದ್ರೆ ಯಾರು ನಂಬ್ತಾರೆ? ಕೆಲಸ ಹೋಗುತ್ತೆ. ಯಾರಿಗೂ ಹೇಳ್ಬೇಡ."

ಕೊನೆಗೆ ಊರಿನ ಆಚೆ ಬದಿಯ, ಅಕ್ಕನನ್ನು ಗುರುತಿಸುವವರಿಲ್ಲದ ಆಸ್ಪತ್ರೆಗೆ ಇಬ್ಬರೂ ಹೋದರು. ಔಷಧದ ಗುಣ ಇಳಿದು ಉಸಿರು ಮತ್ತೆ ಜಾರಬಹುದೆಂದು ತಂಗಿ ಪಟ್ಟುಹಿಡಿದಿದ್ದಳು. ಅಲ್ಲಿನ ಡಾಕ್ಟರು ಅಕ್ಕನನ್ನು ಉಳಿಸಿಕೊಂಡರು. ಈ ಚಟ ಬಿಡಿಸುವವರು ತಮ್ಮಲ್ಲೇ ಇದ್ದಾರೆ, ಬೆಳಿಗ್ಗೆ ಬರುತ್ತಾರೆ ಎಂದರು. ಅಕ್ಕ ಗೋಡೆಯ ಕಡೆ ತಿರುಗಿ "ಹೂಂ" ಎಂದಳು. ಅವಳ ಬಾಯಿಂದ ಆ ಹೂಂ ಕೇಳಿಸಿಕೊಂಡೇ ತಂಗಿ ಕೆಲಸಕ್ಕೆ ಓಡಿದ್ದು.

ಸಂಶೋಧನಾ ಕೇಂದ್ರದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ತಂಡದ ಎಂಜಿನಿಯರ್ ಆಗಲೇ ಕಂಪ್ಯೂಟರಿನ ಮುಂದಿದ್ದ. ಅವನನ್ನು ಎಲ್ಲರೂ ರೇಡಿಯೊ ಎನ್ನುತ್ತಿದ್ದರು. ಮನೆಮನೆಯಿಂದ ಬಂದ ಧ್ವನಿಯಲ್ಲಿ ಮಾತು ಕೇಳಿಸಿದ ಭಾಗವನ್ನು ಕತ್ತರಿಸಿ, ಬರೀ ಉಸಿರನ್ನು ಉಳಿಸುವುದು ಅವನ ಕೆಲಸ. ಯಾವ ಯಂತ್ರ ಯಾರ ಮನೆಯದೆಂದು ತಿಳಿದವನೂ ಅವನೊಬ್ಬನೇ. ಕತ್ತರಿಸಿದ್ದನ್ನು ಮಧ್ಯಾಹ್ನದೊಳಗೆ ಅರ್ಧ ಕಟ್ಟಡಕ್ಕೆ ಹಂಚುತ್ತಿದ್ದ: ಯಾರ ಗಂಡ ನಿದ್ದೆಯಲ್ಲಿ ಲೆಕ್ಕ ಹೇಳುತ್ತಾನೆ, ಯಾರ ಅತ್ತೆ ಬೈಯುತ್ತಾಳೆ. ಮನೆಗೆ ಹೋಗಿ ಅದನ್ನೇ ಹೆಂಡತಿಗೂ ಹೇಳುತ್ತಿದ್ದ. ಅವಳು ಅಕ್ಕನ ವಾರ್ಡಿನಲ್ಲೇ ನರ್ಸು.

"ಬಂದ್ರಾ? ನಿಮ್ಮಪ್ಪ ಮತ್ತೆ ಗೆದ್ರು!" ಅವನು ಕುರ್ಚಿಯನ್ನು ಸುತ್ತಿಸಿದ. "ರಾತ್ರಿ ಎರಡೆರಡು ಸಲ ಕೂಗಿಸಿದ್ದಾರೆ. ನಾನಿನ್ನೂ ಕೇಳಿಲ್ಲ, ಕೇಳೋ ಅಗತ್ಯಾನೂ ಇಲ್ಲ. ಸುಳ್ಳು ಅಂತ ಹಾಕಿ ಕಾಯೋ ಹೊತ್ತು ಏರಿಸಿಬಿಡ್ತೀನಿ, ಮೇಡಂ ಬರೋದ್ರಲ್ಲಿ ಮುಗೀಲಿ."

"ಬೇಡ."

"ಯಾಕೆ ಬೇಡ?"

ಇದು ಸುಳ್ಳಲ್ಲ ಎಂದರೆ ಅಕ್ಕನ ಕೆಲಸ ಹೋಗುತ್ತದೆ. ಸುಮ್ಮನಿದ್ದರೆ ಯಾರ ಉಸಿರು? ಪಕ್ಕದ ಕೋಣೆಯಲ್ಲಿ ತಂಗಿಯಿಲ್ಲದ, ಬ್ಯಾಗಿನಲ್ಲಿ ಸ್ಪ್ರೇ ಇಲ್ಲದ ಯಾರೋ ಒಬ್ಬರದು. ಅವಳ ಎದೆ ರಾತ್ರಿಯಿಂದ ಒಂದೇ ಸಮನೆ ಹಾರುತ್ತಿತ್ತು, ಹೆದರಿಕೆಗೋ ಸಂತೋಷಕ್ಕೋ ಎಂದು ಅವಳಿಗೇ ಗೊತ್ತಿರಲಿಲ್ಲ. ಹೆಡ್‌ಫೋನ್ ಎತ್ತಿ ಅವನಿಗೆ ಕೊಟ್ಟಳು.

"ಕೇಳು. ಕೊನೇವರೆಗೂ ಕೇಳು."

ಅವನು ನಗುತ್ತಲೇ ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ನಗು ಇಳಿಯಿತು. ಮುಂದಕ್ಕೆ ಬಾಗಿ ಸದ್ದು ಏರಿಸಿದ. ಅವನ ಬಲಗೈ ಮೇಜಿನ ಅಂಚನ್ನು ಹಿಡಿಯಿತು. ತಾನೇ ಉಸಿರು ಬಿಗಿಹಿಡಿದಿದ್ದ. ಆಮೇಲೆ ಅವನ ಭುಜಗಳು ಒಮ್ಮೆಲೇ ಜಾರಿದವು. ಅಕ್ಕ ಉಸಿರೆಳೆದುಕೊಂಡಳು ಎಂದು ಅವಳಿಗೆ ತಿಳಿಯಿತು. ಅವನು ತೆಗೆಯಲಿಲ್ಲ. ಮಾತುಗಳನ್ನೂ ಕೇಳಿದ, ಬಕೆಟ್ಟಿನದ್ದನ್ನೂ, ಬೀರು ಬೀಗದ್ದನ್ನೂ.

ಕೊನೆಗೆ ಹೆಡ್‌ಫೋನ್ ತೆಗೆದಿಟ್ಟ. ಪರದೆಯ ಮೇಲೆ ಮಾತು ಇದ್ದ ಕಡೆಯಲ್ಲೆಲ್ಲ ಗೆರೆ ಎಳೆದ, ಉಸಿರನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಕತ್ತರಿಸಿದ, ಅಳಿಸಿದ.

ಮೇಡಂ ಛತ್ರಿ ಒದರುತ್ತಾ ಒಳಬಂದರು. "ಏನಪ್ಪಾ ರೇಡಿಯೊ, ಸುಳ್ಳು ಕೂಗು ಬಂತಾ?"

"ಕೂಗು ಬಂದಿದೆ ಮೇಡಂ, ಸುಳ್ಳಲ್ಲ. ಮನೇಲಿ ಮೊದಲನೇ ನಿಜವಾದ ಕೂಗು. ಉಸಿರು ವಾಪಸ್ ಬಂದಿದೆ, ಕೇಳಿ ಬೇಕಾದ್ರೆ." ಅವನ ದನಿ ಒಡೆಯಿತು. "ಕಾಯೋ ಹೊತ್ತು ಮುಟ್ಟೋದು ಬೇಡ. ಮುಟ್ಟಿದ್ರೆ ನಾನು ಕೆಲಸ ಬಿಡ್ತೀನಿ."

ಮೇಡಂ ಛತ್ರಿಯನ್ನು ಹಾಗೇ ಕೆಳಗೆ ಬಿಟ್ಟು ಹೆಡ್‌ಫೋನ್ ಕಸಿದುಕೊಂಡರು. ಕೇಳುತ್ತಾ ಕೇಳುತ್ತಾ ಒಂದು ಕೈಯಲ್ಲಿ ಬಾಯಿ ಮುಚ್ಚಿಕೊಂಡರು. "ಅಯ್ಯೋ, ಕೇಳಿಸ್ಕೊಂಡಿದೆ ಕಣ್ರೋ! ಕೇಳಿಸ್ಕೊಂಡಿದೆ!" ಎಂದು ಕೂಗಿದವರೇ ಇಬ್ಬರ ಬೆನ್ನಿಗೂ ಗುದ್ದಿದರು. "ಯಾರದು? ಯಾವ ಮನೆ?"

"ಮನುಷ್ಯರದು ಮೇಡಂ."

ಮೇಡಂ ಒಂದು ಗಳಿಗೆ ಅವನನ್ನು ನೋಡಿ, ಇನ್ನೇನೂ ಕೇಳದೆ ಮತ್ತೆ ಮೊದಲಿನಿಂದ ಹಾಕಿಕೊಂಡರು.

ಅವನ ಫೋನು ಅದುರಿತು. ಹೆಂಡತಿ. ಅವನು ಕಿಟಕಿಯ ಬಳಿ ಹೋದ.

"ಹೌದಾ? ನಿಮ್ಮ ವಾರ್ಡಿನ ಅವರು ಇವತ್ತು ರಜೆನಾ? ಬೆನ್ನು ನೋವಿರಬೇಕು, ನಂಗೇನು ಗೊತ್ತು... ಇಲ್ಲಿ? ಇಲ್ಲಿ ಏನೂ ವಿಶೇಷ ಇಲ್ಲ ಕಣೇ."

ಫೋನಿಟ್ಟ ಮೇಲೂ ಅವನು ಈ ಕಡೆ ತಿರುಗಲಿಲ್ಲ. ಕಿಟಕಿಯ ಗಾಜಿಗೆ ಅವನ ಉಸಿರು ತಾಗಿ ಮಬ್ಬಾಗುತ್ತಿತ್ತು, ತಿಳಿಯಾಗುತ್ತಿತ್ತು.