ಮೂರು ಇಸ್ತ್ರಿ, ಇಪ್ಪತ್ತಾರು ಆಂಪ್ಸ್

"ಸುಟ್ಟ ವಾಸನೆ ಬರ್ತಿದೆ, ಅದೊಂದು ಹೋಗೋ ಹಾಗೆ ಮಾಡಪ್ಪಾ" ಎಂದು ಗಾರ್ಮೆಂಟ್ಸ್ ಸೂಪರ್‌ವೈಸರ್ ಕರೆಸಿದ್ದ. ವಾಸನೆ ಹೋಗಿಸಲು ನಾನೇನು ಸೆಂಟು ಮಾರುವವನೇ? ವೈರಿಂಗ್ ಕೆಲಸದವನು. ಆದರೂ ಓಡಿದೆ. ಅಲ್ಲಿ ಇಸ್ತ್ರಿ ಮೇಜಿನ ಮುಂದೆ ನಿಲ್ಲುವ ಮೂವರಲ್ಲಿ ನನ್ನ ಅಕ್ಕನೂ ಒಬ್ಬಳು.

ಬೋರ್ಡ್ ಬಿಚ್ಚಿದವನಿಗೆ ಮೈಯೆಲ್ಲ ಉರಿದುಹೋಯಿತು. ಗೋಡೆಯೊಳಗಿನ ವೈರು ಹದಿನಾರು ಆಂಪ್ಸ್ ತಡೆಯುವಂಥದ್ದು. ಅದಕ್ಕಿದ್ದ ಹದಿನಾರರ ಎಂಸಿಬಿ ಕಿತ್ತು ಮೂವತ್ತೆರಡರದ್ದು ಕೂರಿಸಿದ್ದರು! ಕರೆಂಟ್ ಮಿತಿ ಮೀರಿದರೆ ತಾನಾಗಿ ಬಿದ್ದು ಜೀವ ಉಳಿಸುವ ಸ್ವಿಚ್ಚು ಅದು; ಮೂವತ್ತೆರಡರದ್ದಾದರೆ ಈ ವೈರು ಸುಟ್ಟರೂ ಬೀಳುವುದಿಲ್ಲ.

"ಹಳೇದು ಗಳಿಗೆಗೊಂದ್ಸಲ ಬೀಳ್ತಿತ್ತು, ಬದಲಾಯಿಸ್ದೆ" ಎಂದ ಸೂಪರ್‌ವೈಸರ್. "ಲೆಕ್ಕ ಹಾಕೇ ಮಾಡಿದ್ದು. ಒಂದು ಇಸ್ತ್ರಿ ಎರಡು ಸಾವಿರ ವ್ಯಾಟ್. ನಾನೂರು ವೋಲ್ಟಿಂದ ಭಾಗಿಸಿದ್ರೆ ಐದು ಆಂಪ್ಸ್. ಮೂರಕ್ಕೆ ಹದಿನೈದು. ಅಂದ್ಮೇಲೆ ಕೆಟ್ಟಿದ್ದು ಎಂಸಿಬಿನೇ ತಾನೇ?"

"ನಾನೂರು ಎಲ್ಲಿಂದ ಬಂತು ಸಾರ್?"

"ಮೀಟರ್ ಮೇಲೆ ಬರ್ದಿದೆಯಲ್ಲ!"

ಅಯ್ಯೋ ಕರ್ಮವೇ! ಅದು ಮೂರು ಫೇಸಿನ ದೊಡ್ಡ ಮೋಟರುಗಳಿಗೆ. "ಈ ಪ್ಲಗ್ಗಿಗೆ ಬರೋದು ಇನ್ನೂರ ಮೂವತ್ತೇ ಸಾರ್. ಅದ್ರಿಂದ ಭಾಗಿಸಿ. ಒಂದಕ್ಕೇ ಸುಮಾರು ಎಂಟೂಮುಕ್ಕಾಲು, ಮೂರೂ ಸೇರಿದ್ರೆ ಇಪ್ಪತ್ತಾರು!"

"ಸಂಜೆಗೆ ಮಾಲು ಹೋಗ್ಬೇಕು. ಒಂದು ವಾಸನೆಗೆ ಇಷ್ಟು ರಾದ್ಧಾಂತ ಯಾಕೆ?"

ಅಕ್ಕ ಮೆಲ್ಲಗೆ ಬಾಯಿಬಿಟ್ಟಳು. "ಮೂರು ದಿನದಿಂದ ಗೋಡೆ ಸುಡ್ತಿದೆ ಅಂತ ಹೇಳ್ತಾನೇ ಇದೀನಿ ಕಣೋ. ಇಸ್ತ್ರಿ ಪಕ್ಕ ನಿಂತ್ರೆ ತಣ್ಣಗಿರುತ್ತಾ ಅಂತ ನಕ್ಕುಬಿಟ್ರು."

ನಕ್ಕನಂತೆ! ನನ್ನ ಸಿಟ್ಟು ನೆತ್ತಿಗೇರಿತು. ಮೇನ್ ಸ್ವಿಚ್ ಇಳಿಸಿ ವೈರನ್ನು ಹೊರಗೆಳೆದು ಅವನ ಮುಖಕ್ಕೆ ಹಿಡಿದೆ. ಮೇಲಿನ ಹೊದಿಕೆ ಕಂದಾಗಿ ಚೂರುಚೂರು ಉದುರುತ್ತಿತ್ತು. ಅದೇ ಗೋಡೆಗೆ ಒರಗಿಸಿ ಆಳೆತ್ತರ ಬಟ್ಟೆಯ ಥಾನು ಪೇರಿಸಿದ್ದರು.

"ಈ ಎಂಸಿಬಿ ಇರೋವರೆಗೆ ನನ್ನಕ್ಕ ಇಲ್ಲಿ ನಿಲ್ಲಲ್ಲ."

"ನಿಲ್ದಿದ್ರೆ ನಾಳೆಯಿಂದ ಬರೋದೇ ಬೇಡ."

ಅಕ್ಕನ ಮನೆ ನಡೆಯುವುದು ಈ ಕೆಲಸದಿಂದಲೇ. ಅವಳು ತನ್ನ ಇಸ್ತ್ರಿಯ ಪ್ಲಗ್ ಕಿತ್ತಳು, ನಿಧಾನವಾಗಿ ವೈರು ಸುತ್ತಿದಳು, ಸೂಪರ್‌ವೈಸರ್ ಕೈಗೆ ಕೊಟ್ಟಳು.

"ಲೆಕ್ಕ ನಿಮ್ದು ಸಾರ್. ಸಂಜೆವರೆಗೆ ಇಲ್ಲಿ ನೀವೇ ನಿಂತ್ಕೊಳ್ಳಿ. ನಾವು ಹೊರಗಿರ್ತೀವಿ."

ಉಳಿದಿಬ್ಬರೂ ತಮ್ಮವನ್ನು ಅವನ ಮುಂದಿಟ್ಟು ಅಕ್ಕನ ಹಿಂದೆ ಹೊರಟರು.

ಅವನು ಕೈಯಲ್ಲಿದ್ದ ಇಸ್ತ್ರಿ ನೋಡಿದ, ಗೋಡೆ ನೋಡಿದ, ಆಮೇಲೆ ಥಾನುಗಳನ್ನು ನೋಡಿದ. ಎರಡು ಹೆಜ್ಜೆ ಬಾಗಿಲ ಕಡೆ ಸರಿದ.

"ಒಂದೊಂದು ಇಸ್ತ್ರಿಗೂ ಬೇರೆ ಹೊಸ ವೈರೇ ಎಳ್ದುಬಿಡಪ್ಪಾ" ಎಂದ. "ಒಂದೊಂದಕ್ಕೂ ಹದಿನಾರರ ಎಂಸಿಬಿನೇ ಹಾಕು. ಅಲ್ಲಿವರೆಗೆ ಇಸ್ತ್ರಿ ಬೇಡ."

ತಾನು ನಿಲ್ಲಬೇಕಾಗಿ ಬಂದಾಗ ಭಾಗಾಕಾರ ಎಷ್ಟು ಬೇಗ ಬಂತು ನೋಡಿ.